ದೋಣಿಗೆ ಮೊದಲ ಬಾಯಿ

೬ ನವೆಂಬರ್, ಬುಧವಾರ

ನನ್ನ ಮಗಳು ಮೈಲಿಯ ಹೊಟ್ಟೆ ಮತ್ತೆ ಕೆಟ್ಟಿದೆ. ದಸರೆಗೆ ಮುಂಚೆ ಒಮ್ಮೆ, ದೀಪಾವಳಿಗೆ ಮುಂಚೆ ಒಮ್ಮೆ, ಈಗ ಇನ್ನೊಮ್ಮೆ. ಈ ಸಲ ರಕ್ತವೂ ಬಿದ್ದಿದೆ. ಒಂದೂವರೆ ವರ್ಷದ ಕೂಸು. ನಡೆಯಲು ಕಲಿತ ಕಾಲು ಇನ್ನೂ ಗಟ್ಟಿಯಾಗಿಲ್ಲ, ಆಗಲೇ ಮುಖ ಒಣಗಿದ ಬಾರಿಹಣ್ಣಿನಂತೆ ಆಗಿಬಿಟ್ಟಿದೆ. ಅತ್ತೆಯ ನೆನಪಿಗೆ ಮೈಲಾರವ್ವ ಎಂದು ಅವರ ಹೆಸರನ್ನೇ ಇಟ್ಟಿದ್ದೇವೆ. ಹೆಸರು ಅವಳ ಮೈಗಿಂತ ದೊಡ್ಡದಾಯಿತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಯಾರಿಗೆ ಹೇಳಲಿ? ಗಂಡ ಸುಭಾಸ ಕುರಿ ಹೊಡೆದುಕೊಂಡು ಕಲಘಟಗಿ ಕಡೆ ಹೋಗಿದ್ದಾನೆ, ದುಮ್ಮವಾಡದ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದ್ದಾನೆ. ಅವನ ಫೋನು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಅತ್ತೆ ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ಮನೆಯಲ್ಲಿ ಇರುವುದು ನಾನು, ಮೈಲಿ, ಮಾವ ಮತ್ತು ಮಾವನ ನಾಯಿ ಕೆಂಚ. ಈ ಮನೆಯಲ್ಲಿ ಸೊಸೆ ಮಾವನಿಗೆ ನೇರ ಮಾತಾಡುವ ಪದ್ಧತಿಯಿಲ್ಲ. ಮೊದಲು ನಡುವೆ ಅತ್ತೆ ಇದ್ದರು, ಈಗ ನಾಯಿ ಇದೆ. ನಾನು "ಕೆಂಚಾ, ರೊಟ್ಟಿ ಆರಾಕತ್ತಾವು" ಎಂದರೆ ಮಾವ ಊಟಕ್ಕೆ ಏಳುತ್ತಾರೆ. ಅವರು "ಕೆಂಚಾ, ನಾಳೆ ಸಂತಿಗೆ ಹೊಂಟೇನಿ" ಎಂದರೆ ನಾನು ಕೈಚೀಲ ಹುಡುಕುತ್ತೇನೆ. ಪಿಯುಸಿ ಪಾಸಾದವಳು ನಾಯಿಯ ಮುಂದೆ ಸಂಸಾರದ ಸುದ್ದಿ ಹೇಳುತ್ತಾಳೆಂದರೆ ಕೇಳಿದವರು ನಗುತ್ತಾರೆ. ಅದಕ್ಕೇ ಬರೆಯಲು ಶುರುಮಾಡಿದ್ದೇನೆ. ಬಾಯಿ ಮುಚ್ಚಿಕೊಂಡವಳ ಕೈಯಾದರೂ ಮಾತಾಡಲಿ.

ಬೆಳಿಗ್ಗೆ ನವಲಗುಂದಕ್ಕೆ ಒಯ್ದೆ. ಮಕ್ಕಳ ಡಾಕ್ಟರು ಫರಹತ್ ಮೇಡಂ ಹೊಟ್ಟೆ ಒತ್ತಿ ನೋಡಿದರು. "ಪದೇ ಪದೇ ಹಿಂಗ ಆಗಾಕ ಏನರ ಕಾರಣ ಇರಬೇಕವಾ. ಈ ಸಲ ಬರೇ ಔಷಧ ಕೊಟ್ಟ ಕಳಸೂದಿಲ್ಲ" ಎಂದು ಸಂಡಾಸು ಡಬ್ಬಿಯಲ್ಲಿ ಹಿಡಿಸಿ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದರು. ಬಾಜೂ ಮನೆಯ ಶಮೀಮಾಬಿ, "ದೃಷ್ಟಿ ಆಗೇತಿ ಬೇ, ಯಮನೂರ ದರ್ಗಾಕ್ಕ ಹೋಗಿ ಬರೂಣು" ಎಂದಳು. ಯಮನೂರಿಗೂ ಹೋಗುತ್ತೇನೆ, ದೃಷ್ಟಿಯನ್ನೂ ತೆಗೆಸುತ್ತೇನೆ. ಆದರೆ ಈ ಬೇನೆ ನನ್ನ ಮನೆಯೊಳಗೆ ಯಾವ ದಾರಿಯಿಂದ ಬರುತ್ತಿದೆ ಎಂದು ತಿಳಿಯುವ ತನಕ ಕೂರುವವಳಲ್ಲ.

೯ ನವೆಂಬರ್, ಶನಿವಾರ

ಲ್ಯಾಬಿನಿಂದ ಉತ್ತರ ಬಂದಿದೆ. ಕ್ಯಾಂಪಿಲೋಬ್ಯಾಕ್ಟರ್ ಎಂದು ಅದರ ಹೆಸರು. ಮೇಡಂ ಎರಡು ಸಲ ಹೇಳಿದ ಮೇಲೆ ನನ್ನ ನಾಲಿಗೆ ತಿರುಗಿತು. ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟುದ್ದ ಹೆಸರು.

"ಮನ್ಯಾಗ ಕೋಳಿ, ನಾಯಿ ಅದಾವೇನು?" ಎಂದು ಕೇಳಿದರು.

"ನಾಯಿ ಐತ್ರಿ. ಆದ್ರ ಅಗದಿ ಗಟ್ಟಿಮುಟ್ಟ ಐತ್ರಿ. ಒಂದ ದಿನ ಮಲಗಿಲ್ಲ ಅದು."

"ಅರಾಮ ಇದ್ದ ನಾಯಿ ಕರುಳಿನ್ಯಾಗೂ ಇದು ಇರತೈತಿ. ಅದಕ್ಕ ಏನೂ ಆಗೂದಿಲ್ಲ. ಅದರ ಹೊಲಸು, ಅದು ನೆಕ್ಕಿದ ಪಾತ್ರಿ, ಅಲ್ಲಿಂದ ಕೂಸಿನ ಬಾಯಿಗೆ ಬಂದ್ರ ಕೂಸು ತಡ್ಯಾಂಗಿಲ್ಲ. ನಾಯಿದಿಂದನ ಬಂತು ಅಂತ ನಾ ಹೇಳಾಕತ್ತಿಲ್ಲ ಮತ್ತ. ಕುದಿಸದ ಹಾಲು, ಕೋಳಿ ಮಾಂಸ, ನೀರು, ಯಾವುದರಿಂದರ ಬಂದಿರಬಹುದು. ಮನ್ಯಾಗ ಕಣ್ಣಿಟ್ಟ ನೋಡ್ರಿ."

ಬಸ್ಸಿನಲ್ಲಿ ಕೂತು ಒಂದೊಂದೇ ತಳ್ಳಿಹಾಕಿದೆ. ಹಾಲು ಕುದಿಸುತ್ತೇನೆ, ಅವಳು ಕುಡಿಯುವ ನೀರನ್ನೂ ಕುದಿಸುತ್ತೇನೆ. ಕೋಳಿ ಬೇಯುವುದು ಹಬ್ಬಕ್ಕೊಮ್ಮೆ. ಕೆಂಚ ಒಳಗೆ ಕಾಲಿಡುವುದಿಲ್ಲ, ಕಟ್ಟೆಯೇ ಅದರ ಮನೆ. ಜಡ್ಡಾದ ನಾಯಿಯಿಂದ ಜಡ್ಡು ಬರುತ್ತದೆ ಎಂದರೆ ಒಪ್ಪಬಹುದು. ಜಡ್ಡೇ ಇಲ್ಲದ್ದು ಜಡ್ಡು ಹಂಚುತ್ತದೆ ಎಂದರೆ ಯಾರು ನಂಬುತ್ತಾರೆ? ನನಗೇ ಅರ್ಧ ನಂಬಿಕೆ. ಆದರೂ ನಾಳೆಯಿಂದ ಆ ನಾಯಿಯ ಮೇಲೊಂದು ಕಣ್ಣು.

೧೦ ನವೆಂಬರ್, ರವಿವಾರ

ಸಿಕ್ಕಿತು. ಇಷ್ಟು ದಿನದಿಂದ ಕಣ್ಣೆದುರಿಗೇ ಇತ್ತು.

ಮಾವ ಮೈಲಾರಲಿಂಗನ ದೀಕ್ಷೆ ಪಡೆದ ಗೊರವಪ್ಪ. ಅವರಿಗೆ ರವಿವಾರವೆಂದರೆ ದೇವರ ವಾರ. ಕರಿ ಕಂಬಳಿ ಹೊದ್ದು, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಅಜ್ಜನ ಕಾಲದ ದೋಣಿ ಎಂಬ ಕಟ್ಟಿಗೆಯ ಬೋಗುಣಿಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ ಕಿವುಚಿ ದೇವರ ಮುಂದೆ ಇಡುತ್ತಾರೆ. ಮೈಲಾರನ ಜೊತೆಗಾರ ನಾಯಿ. ಅದಕ್ಕೆ ಈ ಮನೆತನದಲ್ಲಿ ದೋಣಿಗೆ ಮೊದಲ ಬಾಯಿ ನಾಯಿಯದು. ಕೆಂಚ ನೆಕ್ಕಿದ ಮೇಲೆ ಮಾವ ಉಣ್ಣುತ್ತಾರೆ, ಆಮೇಲೆ ಬೆರಳಲ್ಲಿ ತೆಗೆದು ಮೊಮ್ಮಗಳ ಬಾಯಿಗಿಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಕೊಟ್ಟಿದ್ದರು, ಕಣ್ಣು ಮುಚ್ಚಿ ನುಂಗಿದ್ದೆ. ಮೈಲಿಗೆ ಹಲ್ಲು ಬಂದ ಮೇಲೆ ಅವಳಿಗೂ ಶುರುವಾಯಿತು. ದೇವರದು ಎಂದಮೇಲೆ ಯಾರು ಇಣುಕಿ ನೋಡುತ್ತಾರೆ?

ಇವತ್ತು ಅವರು ಬೆರಳು ಚಾಚಿದಾಗ ಕೂಸನ್ನೆತ್ತಿಕೊಂಡು ಹಿಂದೆ ಸರಿದೆ. ಬೆರಳು ಅಲ್ಲೇ ನಿಂತಿತು.

"ಕೆಂಚಾ," ಎಂದೆ ನಾಯಿಗೆ, "ಕೂಸಿನ ಹೊಟ್ಟಿ ಕೆಡಸಿದ್ದು ನಿನ್ನ ಬಾಯಿ ಇರಬೇಕು. ನೀ ನೆಕ್ಕಿದ್ದನ್ನ ಕೂಸಿಗೆ ಕೊಡಬಾರದಂತ ಡಾಕ್ಟರು ಹೇಳ್ಯಾರ."

ಕೆಂಚ ಬಾಲ ಆಡಿಸಿತು.

"ಕೆಂಚಾ," ಎಂದರು ಮಾವ, "ನಿನಗ ಯಾವಾಗರ ಜಡ್ಡ ಬಂದೈತೇನ್ಲೇ? ತೋಳ ಬೆನ್ನಹತ್ತಿದಾಂವ ನೀ. ಪ್ಯಾಟಿ ಡಾಕ್ಟರು ನಿನ್ನ ಮಾರಿ ನೋಡ್ಯಾರೇನಂತ ಕೇಳು."

"ಕೆಂಚಾ, ಗಟ್ಟಿ ಇದ್ದ ನಾಯಿ ಹೊಟ್ಟ್ಯಾಗೂ ಆ ಹುಳ ಇರತೈತಂತ."

"ಕೆಂಚಾ, ಮೈಲಾರನ ಪ್ರಸಾದ ತಿಂದು ಯಾರೂ ಸತ್ತಿಲ್ಲ ಅಂತ ಹೇಳು."

ಪಾಪ, ನಾಯಿ ಅವರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ನೋಡಿ ಸುಸ್ತಾಗಿ ಮಲಗಿತು. ಮಾವ ಕಂಬಳಿ ಕೊಡವಿ ಎದ್ದು ಹೋದರು. ಮಾತಿಗೆ ಬಗ್ಗುವವರಲ್ಲ ಅವರು. ಕೆಂಚನಿಗೂ ಪರೀಕ್ಷೆ ಮಾಡಿಸಿ ಲ್ಯಾಬಿನ ಉತ್ತರವನ್ನೇ ತಂದು ಮುಂದಿಡುತ್ತೇನೆ.

೧೪ ನವೆಂಬರ್, ಗುರುವಾರ

ಮಾವ ಅಣ್ಣಿಗೇರಿಗೆ ಹೋದದ್ದೇ ತಡ, ಶಮೀಮಾಬಿಯ ಗಂಡ ಕಾಸೀಮಸಾಬರ ಟಂಟಂ ಆಟೋ ಹತ್ತಿಸಿ ಕೆಂಚನನ್ನು ನವಲಗುಂದದ ದನದ ದವಾಖಾನೆಗೆ ಒಯ್ದೆ. ಡಾಕ್ಟರ್ ಕಿರಣಕುಮಾರ ಬಾಯಿ ತೆರೆಸಿ, ಹೊಟ್ಟೆ ಮುಟ್ಟಿ, "ಅರಾಮ ಐತಲ್ರಿ. ಯಾಕ ತಂದೀರಿ?" ಎಂದರು.

"ಅರಾಮ ಐತಿ ಅಂತನ ತಂದೇನ್ರಿ" ಎಂದೆ.

ಅವರು ನಕ್ಕರು. ಫರಹತ್ ಮೇಡಂ ಬರೆದುಕೊಟ್ಟ ಚೀಟಿ ತೋರಿಸಿದ ಮೇಲೆ ನಗು ನಿಲ್ಲಿಸಿ ನಾಯಿಯ ಸಂಡಾಸು ಪರೀಕ್ಷೆಗೆ ತೆಗೆದುಕೊಂಡರು.

ಟಂಟಂ ಕುಲುಕಾಟಕ್ಕೆ ಹೆದರಿ ಬರುವಾಗ ಅದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಬಿದ್ದೀತೆಂದು ಕೊರಳು ಹಿಡಿದುಕೊಂಡಿದ್ದೆ, ಅಷ್ಟೇ. ಮನೆಗೆ ಬಂದು ಮೊಣಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡೆ.

೨೦ ನವೆಂಬರ್, ಬುಧವಾರ

ಅದೇ ಹುಳ. ಕೆಂಚನ ಹೊಟ್ಟೆಯಲ್ಲೂ ಅದೇ ಕ್ಯಾಂಪಿಲೋಬ್ಯಾಕ್ಟರ್. ನಾಯಿ ಮಾತ್ರ ಬಂಡೆಯಂತಿದೆ.

ಕಿರಣಕುಮಾರ ಡಾಕ್ಟರು ಬಿಡಿಸಿ ಹೇಳಿದರು. "ಗುಳಿಗಿ ಕೊಟ್ರ ಇವತ್ತ ಹೋಗಿ ನಾಳೆ ಮತ್ತ ಬರತೈತಿ. ನಾಯಿನ್ನ ಹೊರಗ ಹಾಕೂದೂ ಬ್ಯಾಡ್ರಿ. ಅದಕ್ಕ ಹಸಿ ಕೋಳಿ ಕರಳ ಹಾಕ್ತೀರೇನು?" ಹೌದು, ಮಾವ ಕೋಳಿ ಅಂಗಡಿಯಿಂದ ತಂದು ಹಾಕುತ್ತಾರೆ. "ಕುದಿಸಿ ಹಾಕ್ರಿ. ಅದರ ತಾಟ ಬ್ಯಾರೆ ಇರಲಿ. ಹೊಲಸು ಅಂಗಳದಾಗ ಬಿಡಬ್ಯಾಡ್ರಿ. ನಾಯಿ ಮುಟ್ಟಿದ ಮ್ಯಾಲ ಸಾಬೂನ ಹಚ್ಚಿ ಕೈ ತೊಳೀರಿ. ಅದು ಬಾಯಿ ಹಚ್ಚಿದ್ದು ಕೂಸಿನ ಬಾಯಿಗೆ ಹೋಗಬಾರದು. ಇಷ್ಟ ಮಾಡ್ರಿ ಸಾಕು."

ಇಷ್ಟನ್ನೂ ಕಟ್ಟೆಯ ಮೇಲೆ ನಿಂತು ಕೆಂಚನಿಗೆ ಹೇಳಿದೆ, ಒಂದೂ ಬಿಡದೆ, ಗಟ್ಟಿ ದನಿಯಲ್ಲಿ. ಮಾವನ ಮುಖ ಕಪ್ಪಾಯಿತು.

"ಕೆಂಚಾ, ನಡಿ," ಎಂದರು. "ಹೆಸರ ಕೆಟ್ಟ ಮನ್ಯಾಗ ನೀ ಇರಬಾರದು."

ಉಣ್ಣೆ ಕತ್ತರಿಸುವವರ ಗಾಡಿ ದುಮ್ಮವಾಡಕ್ಕೆ ಹೊರಟಿತ್ತು. ಅದರಲ್ಲೇ ಸುಭಾಸನ ಹತ್ತಿರ ಕಳಿಸಿಬಿಟ್ಟರು. ನಾನೇನು ಕಳಿಸಿ ಅಂದಿರಲಿಲ್ಲ. ಆದರೂ ಪೀಡೆ ತೊಲಗಿತು. ಕೂಸು ಉಳಿಯಿತು.

೨೨ ನವೆಂಬರ್, ಶುಕ್ರವಾರ

ಮನೆಯಲ್ಲಿ ಮಾತೇ ಇಲ್ಲ. ರೊಟ್ಟಿ ಆಯಿತೆಂದು ನಿನ್ನೆ ನೀರಿನ ಕೊಡಕ್ಕೆ ಹೇಳಿದೆ. ಮಾವನಿಗೆ ಕೇಳಿಸಲಿಲ್ಲವೋ, ಕೊಡದ ಮೂಲಕ ಬಂದ ಮಾತು ಅವರಿಗೆ ಹಿಡಿಸಲಿಲ್ಲವೋ. ಇವತ್ತು ಕಾಗೆಗೆ ಹೇಳಿದೆ. ಕಾಗೆ ಹಾರಿಹೋಯಿತು, ಮಾವ ಊಟಕ್ಕೆ ಬರಲಿಲ್ಲ. ಕಡೆಗೆ ತಾಟು ಕಟ್ಟೆಯ ಮೇಲೆ ಸಪ್ಪಳ ಮಾಡಿ ಇಟ್ಟು ಒಳಗೆ ಬಂದೆ.

ಕೈ ರೂಢಿಗೆ ಇವತ್ತೂ ಒಂದು ರೊಟ್ಟಿ ಹೆಚ್ಚು ಬಡಿದಿದ್ದೆ. ಹಿತ್ತಲ ಎಮ್ಮೆಗೆ ಹಾಕಿದೆ.

೨೭ ನವೆಂಬರ್, ಬುಧವಾರ

ಮತ್ತೆ.

ನಾಯಿ ಮನೆಯಲ್ಲಿಲ್ಲ. ಅಂಗಳ ಗುಡಿಸಿ ಸುಣ್ಣ ಹಾಕಿದ್ದೇನೆ. ನೀರು, ಹಾಲು, ಬಟ್ಟಲು, ಚಮಚ, ಎಲ್ಲವನ್ನೂ ಕುದಿಸಿದ್ದೇನೆ. ಆದರೂ ಮತ್ತೆ ರಕ್ತ. ಎತ್ತಿಕೊಂಡರೆ ಮೈಲಿ ಅಳುವುದೂ ಇಲ್ಲ, ಭುಜದ ಮೇಲೆ ಒದ್ದೆ ಬಟ್ಟೆಯಂತೆ ಬೀಳುತ್ತಾಳೆ. ನನಗೆ ಭಯವಾಗಿದೆ. ಭಯವಾಗಿದೆ ಎಂದು ಬರೆಯಲೂ ಭಯ.

೨೮ ನವೆಂಬರ್, ಗುರುವಾರ

ನವಲಗುಂದದ ದವಾಖಾನೆಯಲ್ಲಿ ಮೈಲಿಗೆ ಸಲೈನ್ ಹಚ್ಚಿದ್ದಾರೆ. ಸೂಜಿಗೆ ನರ ಸಿಗದೆ ಎರಡೂ ಕೈಗೆ ಚುಚ್ಚಿದರು. ಹೊರಗೆ ಬೆಂಚಿನ ಮೇಲೆ ಮಾವ ಕುಳಿತಿದ್ದಾರೆ, ಭಂಡಾರದ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಚಹಾ ಸಹ ಕುಡಿದಿಲ್ಲ.

"ಮತ್ತ ಎಲ್ಲಿಂದ ಬಂತವಾ?" ಎಂದು ಫರಹತ್ ಮೇಡಂ ಕೇಳಿದರು. ನಾನೂ ಅದನ್ನೇ ಕೇಳುತ್ತಿದ್ದೇನೆ.

೧ ಡಿಸೆಂಬರ್, ರವಿವಾರ

ನಿನ್ನೆ ಮೈಲಿಯನ್ನು ಮನೆಗೆ ತಂದೆವು. ಮಾವ ಇವತ್ತು ಸ್ನಾನ ಮಾಡಿ, ಕಂಬಳಿಯೊಳಗೆ ಏನೋ ಮುಚ್ಚಿಕೊಂಡು ಹಿತ್ತಲ ಕಡೆ ಹೋದರು. ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹಿಂದೆಯೇ ಹೋದೆ.

ಕಣಕಿಯ ಬಣವೆಯ ಹಿಂದೆ ಮೊಣಕಾಲೂರಿ ಕೂತಿದ್ದರು. ಮುಂದೆ ದೋಣಿ. ದೋಣಿಯಲ್ಲಿ ಬಾಯಿಟ್ಟು ನಿಂತದ್ದು ಊರ ಬೀದಿಯ ಕರಿ ನಾಯಿ. ಅದೂ ದಷ್ಟಪುಷ್ಟವಾಗಿಯೇ ಇತ್ತು. ಕೆಂಚ ಹೋದ ಮೇಲೆ ದೋಣಿಗೆ ಮೊದಲ ಬಾಯಿ ಯಾರದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಸೊಂಟದ ಮೇಲಿದ್ದ ಮೈಲಿ ದೋಣಿಯನ್ನು ಕಂಡಳು. ಕಂಡವಳೇ ಹಕ್ಕಿ ಮರಿಯಂತೆ ಬಾಯಿ ತೆರೆದಳು. ಹೋದ ರವಿವಾರ ಅಜ್ಜ ಅವಳನ್ನು ಆಡಿಸಲೆಂದು ಹಿತ್ತಲಿಗೆ ಎತ್ತಿಕೊಂಡು ಹೋದದ್ದು ಆಗ ಅರ್ಥವಾಯಿತು. ಮಾವ ಅವಳ ತೆರೆದ ಬಾಯಿ ನೋಡಿದರು, ನಾನು ನೋಡಿದ್ದನ್ನೂ ನೋಡಿದರು, ತಲೆ ತಗ್ಗಿಸಿದರು.

ಕರಿ ನಾಯಿ ಓಡಿಹೋಗಿತ್ತು.

"ಮಾವಾರ," ಎಂದೆ, "ಸೂಜಿ ಚುಚ್ಚಿದ ಗಾಯ ಇನ್ನೂ ಮಾದಿಲ್ಲ, ನೋಡ್ರಿ ಈ ಕೈ. ನಾಯಿ ಬಾಯಿ ಬೇಕು, ನಾಯಿ ಬಾಯಿ ಬೇಕು ಅಂತ ಕೂಸಿನ ಜೀವಾ ತಗೀತೀರೇನು? ಮೈಲಾರನ ಮುಂದ ಬೊಗಳಾವ್ರು ಯಾರ್ರಿ? ನಾಯಿ ನೀವ ಅಲ್ಲೇನು?"

ಹೀಗೆ ಅಂದುಬಿಟ್ಟೆ. ನಾನು ಹೇಳಹೊರಟದ್ದು ಬೇರೆ. ದೋಣಿ ಸೇವೆಯಲ್ಲಿ ಗೊರವರು ಮೊಣಕಾಲ ಮೇಲೆ ಕೂತು ನಾಯಿಯಂತೆ ಬೊಗಳುತ್ತ ದೋಣಿಗೆ ಬಾಯಿ ಹಚ್ಚಿ ತಿನ್ನುತ್ತಾರೆ. ತಾವೇ ಮೈಲಾರನ ನಾಯಿಗಳೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಬೇರೆ ನಾಯಿ ಏಕೆ ಎಂಬುದು ನನ್ನ ಮಾತು. ಆದರೆ ಬಾಯಿಂದ ಬಿದ್ದದ್ದು ಬೈಗಳಾಗಿ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನನ್ನು ನಾಯಿ ಎಂದ ಸೊಸೆ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮಾವ ದೋಣಿಯಲ್ಲಿದ್ದುದನ್ನು ಮಣ್ಣಿಗೆ ಸುರಿದು ಎದ್ದು ಹೋದರು.

೩ ಡಿಸೆಂಬರ್, ಮಂಗಳವಾರ

ಮಾವ ನಿನ್ನೆಯಿಂದ ಮನೆಯಲ್ಲಿ ಉಂಡಿಲ್ಲ. ಶಮೀಮಾಬಿಗೆ ಸುದ್ದಿ ಮುಟ್ಟಿದೆ.

"ಮಾವಗ ನಾಯಿ ಅಂದೀ ಅಂತಲ್ಲ ಬೇ? ಮಾಫಿ ಕೇಳು."

"ಅಂದಿದ್ದಕ್ಕ ಕೇಳ್ತೇನಿ. ಕೂಸಿನ ಸಲುವಾಗಿ ಅಡ್ಡ ನಿಂತದ್ದಕ್ಕ ಕೇಳೂದಿಲ್ಲ."

ಸಂಜೆ ಕಟ್ಟೆಗೆ ಹೋಗಿ ತಾಟು ಇಟ್ಟು ಅಲ್ಲೇ ನಿಂತೆ. "ಮಾವಾರ, ಆ ಮಾತ ತಪ್ಪಾತ್ರಿ. ಆದ್ರ ನಾಯಿ ಮುಟ್ಟಿದ್ದು ಇನ್ನ ಕೂಸಿನ ಬಾಯಿಗೆ ಬೀಳಾಕ ಬಿಡಾಂಗಿಲ್ಲ. ನೀವು ಉಪವಾಸ ಇದ್ರೂ ಬಿಡಾಂಗಿಲ್ಲ. ರೊಟ್ಟಿ ಆರಾಕತ್ತಾವು."

ಮಾವ ತಾಟು ಎಳೆದುಕೊಂಡರು.

"ನಾ ಏನ್ ಬೇಕಂತ ಮಾಡಿದ್ನೇನು?" ಎಂದರು. "ನಾಯಿ ದೂರ ಹೋತು, ಅದಕ್ಕ ಕೂಸಿಗೆ ದೇವರ ಕಾವಲ ತಪ್ಪಬಾರದಂತ ಕೊಟ್ಟೆ. ಜಡ್ಡ ಇದ್ದದ್ದು ಕೆಂಚಗ, ಊರ ನಾಯಿಗೇನು ಅಂತ ತಿಳಕೊಂಡೆ. ಈಗ ಮೈಲಾರನ ಛಟ್ಟಿ ಹಬ್ಬ ಆದ ಮ್ಯಾಲಿನ ರವಿವಾರ ದೋಣಿ ತುಂಬಿಸೂ ಪಾಳಿ ನಮ್ಮ ಮನೀದು. ಗೊರವರೆಲ್ಲಾ ಬರ್ತಾರ. ನಾಯಿ ಮುಟ್ಟದ ದೋಣಿ ಅವರ ಮುಂದ ಹೆಂಗ ಇಡ್ಲಿ? ನಮ್ಮಪ್ಪ ಇಟ್ಟಿಲ್ಲ, ನಮ್ಮಜ್ಜ ಇಟ್ಟಿಲ್ಲ."

ನನ್ನ ಹತ್ತಿರ ಇದ್ದ ಒಂದು ಉತ್ತರವನ್ನು ಮೊನ್ನೆಯೇ ಬೈಗಳ ಮಾಡಿ ಹಾಳು ಮಾಡಿಕೊಂಡಿದ್ದೆ. ಇನ್ನೊಂದು ರೊಟ್ಟಿ ಹಾಕಿ ಬಂದೆ. ಮೂರು ತಿಂದರು.

೬ ಡಿಸೆಂಬರ್, ಶುಕ್ರವಾರ

ಸುಭಾಸನ ಫೋನು ಹತ್ತಿತು. ರವಿವಾರದ ಸೇವೆಗೆ ನಾಳೆ ಬರುತ್ತಾನಂತೆ. "ಕೆಂಚನ್ನ ಇಲ್ಲೇ ಬಿಟ್ಟ ಬರ್ಲ್ಯಾ?" ಎಂದ.

"ಯಾಕ ಬಿಡ್ತಿ? ಕರ್ಕೊಂಡ ಬಾ. ಅದಕ್ಕ ಬ್ಯಾರೆ ತಾಟ ತಂದೇನಿ."

ಅದರ ಮುಂಗಾಲಿಗೆ ಮುಳ್ಳು ಚುಚ್ಚಿ ಬಾವು ಬಂದಿದೆಯಂತೆ, ಇವನು ಈಗ ಹೇಳುತ್ತಾನೆ. ಇಷ್ಟು ದಿನದಲ್ಲಿ ಒಂದು ಮುಳ್ಳು ತೆಗೆಯಲಾಗಲಿಲ್ಲವೇ? ಒಂದು ನಾಯಿಯನ್ನು ನೋಡಿಕೊಳ್ಳದವನು ಅಷ್ಟು ಕುರಿ ಏನು ನೋಡಿಕೊಳ್ಳುತ್ತಾನೋ. ಚೆನ್ನಾಗಿ ಬೈದೆ. ಅರಿಸಿನ, ಎಣ್ಣೆ ತೆಗೆದಿಟ್ಟಿದ್ದೇನೆ.

ಹಿತ್ತಲ ಗೂಟದ ಹತ್ತಿರ ಅದಕ್ಕೊಂದು ನೆರಳು ಮಾಡಿಸಬೇಕು. ಮೈಲಿ ಆಡುವ ಕಡೆ ಅದು ಬರದಂತೆ ಬೇಲಿ. ಮಾವನಿಗೆ ಹೇಳಿದೆ, ಸಂಜೆಯೇ ಜಾಲಿ ಕಂಟಿ ಕಡಿದು ತಂದರು.

ಮೈಲಿ ಇವತ್ತು ಎರಡು ಸಲ ಅನ್ನ ಕೇಳಿ ಉಂಡಳು.

೮ ಡಿಸೆಂಬರ್, ರವಿವಾರ

ಕೈ ಇನ್ನೂ ಹಾಲಿನ ವಾಸನೆ. ಬರೆದೇ ಮಲಗುತ್ತೇನೆ.

ಗೊರವರು ಬೆಳಿಗ್ಗೆಯೇ ಬಂದರು, ಕರಿ ಕಂಬಳಿಗಳಿಂದ ಅಂಗಳ ತುಂಬಿತು. ಸಾಲಾಗಿ ದೋಣಿಗಳು. ಸುಭಾಸ ಹಾಲು ಸುರಿದ, ನಾನು ಬಾಳೆಹಣ್ಣು ಸುಲಿದು ಕೊಟ್ಟೆ. ಮೈಲಿಯ ಪಾಲನ್ನು ಎಲ್ಲರಿಗಿಂತ ಮೊದಲೇ ಕುದಿಸಿದ ಹಾಲಲ್ಲಿ ಕಲಸಿ, ಅವಳ ಬಟ್ಟಲಲ್ಲಿ ಹಾಕಿ ದೇವರ ಮುಂದೆ ಇಟ್ಟಿದ್ದೆ. ಮಾವ ಬಟ್ಟಲನ್ನು ನೋಡಿದರು. ಅದರ ಮೇಲೆ ತಾವೇ ಒಂದು ಚಿಟಿಕೆ ಭಂಡಾರ ಹಾಕಿದರು.

ಡಮರುಗ ನಿಂತ ಮೇಲೆ ಎಲ್ಲರಿಗಿಂತ ಹಿರಿಯ ಗೊರವಪ್ಪ ಮಾವನನ್ನು ಹೆಸರು ಹಿಡಿದು ಕೇಳಿದರು: "ಬೀರಲಿಂಗಪ್ಪಾ, ನಿಮ್ಮ ಮನಿ ಪದ್ಧತಿ ಆಗಲಿ. ದೋಣಿಗೆ ನಾಯಿ ಬಾಯಿ ಆತೇನು? ಎಲ್ಲೈತಿ ನಾಯಿ?"

ಹಿತ್ತಲಲ್ಲಿ ಕೆಂಚ ಗೂಟಕ್ಕೆ ಕಟ್ಟಿಸಿಕೊಂಡು ಕುಂಯ್‌ಗುಡುತ್ತಿತ್ತು. ಎಲ್ಲರಿಗೂ ಕೇಳಿಸಿತು. ಸುಭಾಸ ನನ್ನ ಮುಖ ನೋಡಿದ. ಮೈಲಿಯನ್ನು ಅವಚಿಕೊಂಡು ಬಾಗಿಲಲ್ಲಿ ನಿಂತೆ. ಕೆಂಚನನ್ನು ಬಿಚ್ಚಲು ಹೋದರೆ ಅಡ್ಡ ಬೀಳುವವಳೇ ಇದ್ದೆ, ಎಷ್ಟು ಜನ ಹಿರಿಯರಿದ್ದರೂ.

"ನಾಯಿ ಇಲ್ಲೇ ಐತಲ್ರಿ" ಎಂದರು ಮಾವ.

ತಲೆಯ ಪಟಕಾ ತೆಗೆದು ಬಾಜೂ ಇಟ್ಟರು. ಅಂಗಳದ ನಡುವೆ ಎರಡೂ ಕೈ, ಎರಡೂ ಮೊಣಕಾಲು ನೆಲಕ್ಕೂರಿ ತಲೆಯೆತ್ತಿ ಬೊಗಳಿದರು. ಅರವತ್ತು ದಾಟಿದ ಎದೆಯಿಂದ ಅಷ್ಟು ದೊಡ್ಡ ದನಿ ಬಂದೀತೆಂದು ನನಗೆ ಗೊತ್ತಿರಲಿಲ್ಲ. "ಬ್ಯಾರೆ ನಾಯಿ ಯಾಕ ಬೇಕು? ಮೈಲಾರನ ನಾಯಿ ನಾನ" ಎಂದು ಮತ್ತೆ ಬೊಗಳಿ, ದೋಣಿಗೆ ಮೊದಲ ಬಾಯಿ ತಾವೇ ಹಚ್ಚಿದರು. ಹಿರಿಯ ಗೊರವಪ್ಪ ಡಮರುಗ ಕೆಳಗಿಟ್ಟರು. ಆಮೇಲೆ "ಏಳುಕೋಟಿ ಏಳುಕೋಟಿಗೋ" ಎಂದು ಮೈಲಾರನ ಜಯಕಾರ ಹಾಕಿ ತಾವೂ ಮೊಣಕಾಲೂರಿದರು. ಅಂಗಳವೆಲ್ಲ ಬೊಗಳಿತು. ಹಿತ್ತಲಿಂದ ಕೆಂಚನೂ ದನಿಗೂಡಿಸಿತು. ನನಗೆ ನಗು, ಅಳು ಎರಡೂ ಬಂದವು.

ಆ ಗದ್ದಲಕ್ಕೆ ಮೈಲಿ ಕುಣಿದಾಡಿ ನನ್ನ ಕೈಯಿಂದ ಜಾರಿದಳು. ಎರಡೂ ಕೈ ಚಾಚಿಕೊಂಡು ತಪ್ಪುಹೆಜ್ಜೆ ಹಾಕುತ್ತ ನೇರ ಅಜ್ಜನ ಮುಂದೆ ಹೋದಳು. ಅಜ್ಜನ ಮೀಸೆ, ಗಡ್ಡ ಎಲ್ಲ ಹಾಲು, ಬಾಳೆಹಣ್ಣು. ಅವಳು ಅದನ್ನು ಹಿಡಿಯಲು ಬಗ್ಗಿದಳು.

ಮಾವ ಸರಕ್ಕನೆ ಮುಖ ಹಿಂದೆ ಎಳೆದುಕೊಂಡರು. ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡರು.

"ತಡಿ ಅವ್ವಿ, ಮುಟ್ಟಬ್ಯಾಡ," ಎಂದರು. "ಇದು ನಾಯಿ ಬಾಯಿ. ತೊಳಕೊಂಡ ಬರ್ತೇನಿ."

ಎದ್ದು ಬಚ್ಚಲ ಕಡೆ ನಡೆದರು. ಒಳಗಿಂದ ಕೂಗಿದರು: "ಸುಧಾ, ಸಾಬೂನ ಎಲ್ಲಿ ಇಟ್ಟೀಯವಾ?"

"ಅಲ್ಲೇ ಗೂಡಿನ್ಯಾಗ ಐತ್ರಿ ಮಾವಾರ" ಎಂದೆ.